ಉಮ್ಮನ ಮಾತು ಮತ್ತು ಒಂದು ಮೆಮೊರಿ ಕಾರ್ಡ್

ಕಳೆದ ತಿಂಗಳು ನನ್ನ ನಾದಿನಿ ಹೊಸ ಮೊಬೈಲ್ ತೆಗೆದುಕೊಂಡಳು. ಹಳೆಯದು ಕೆಟ್ಟಿರಲಿಲ್ಲ. ಅದನ್ನು ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ 'ಮೆಮೊರಿ ತುಂಬಿದೆ' ಎಂದು ತೋರಿಸಿ ಅವಳ ತಲೆ ತಿನ್ನುತ್ತಿತ್ತಂತೆ. ಅಂಗಡಿಗೆ ಹೋಗಿ "ಮೆಮೊರಿ ಜಾಸ್ತಿ ಇರುವುದು ಕೊಡಿ" ಎಂದಿದ್ದಾಳೆ. ಅಂಗಡಿಯ ಹುಡುಗ "ಇದರಲ್ಲಿ ರ‍್ಯಾಮ್ ಎಂಟು ಜಿ.ಬಿ. ಉಂಟು ನೋಡಿ" ಎಂದಿದ್ದಾನೆ. ಹಳೆಯದರಲ್ಲಿ ನಾಲ್ಕು, ಹೊಸದರಲ್ಲಿ ಎಂಟು. ಎರಡು ಪಟ್ಟು ಎಂದು ಖುಷಿಯಿಂದ ದುಡ್ಡು ಎಣಿಸಿ ಬಂದಳು. ಮಕ್ಕಳು ಹಳೆಯ ಮೊಬೈಲಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಹಾಕಿಕೊಟ್ಟರು. ಒಂದೇ ವಾರ. ಅದೂ 'ಮೆಮೊರಿ ತುಂಬಿದೆ' ಎನ್ನತೊಡಗಿತು!

"ಇದೆಂತ ಮೋಸ ಅತ್ತಿಗೆ?" ಎಂದು ಅವಳು ಫೋನಿನಲ್ಲಿ ಅಳುವುದೊಂದು ಬಾಕಿ. ಮೋಸ ಏನೂ ಆಗಿರಲಿಲ್ಲ. ಫೋಟೊ, ವೀಡಿಯೊ ಇಡುವ ಜಾಗ ಎರಡು ಮೊಬೈಲುಗಳಲ್ಲೂ 128 ಜಿ.ಬಿ.ಯೇ ಇತ್ತು. ಅವಳಿಗೆ ಬೇಕಾಗಿದ್ದು ಒಂದು ಮೆಮೊರಿ, ಅವಳು ತಂದದ್ದು ಇನ್ನೊಂದು ಮೆಮೊರಿ. ಎರಡಕ್ಕೂ ಒಂದೇ ಹೆಸರು ಇಟ್ಟವರದ್ದು ತಪ್ಪೇ ಹೊರತು ಅವಳದ್ದಲ್ಲ. ಬೇರೆ ಯಾರಾದರೂ ಆಗಿದ್ದರೆ ಈ ಕಥೆ ಕೇಳಿ ನಗುತ್ತಿದ್ದರೋ ಏನೋ. ನನಗೆ ನಗು ಬರಲಿಲ್ಲ. ಆ ಎರಡು ಮೆಮೊರಿಗಳ ವ್ಯತ್ಯಾಸವನ್ನು ನಾನು ಕಲಿತದ್ದು ಕಳೆದುಕೊಂಡೇ, ಅದೂ ಎರಡು ಸಲ.

ಮೊದಲನೆಯ ಸಲ 2003ರಲ್ಲಿ. ಇವರು ಆಗ ದಮ್ಮಾಮ್‌ನಲ್ಲಿದ್ದರು. ರಜೆಯಲ್ಲಿ ಬಂದಾಗ ಮಕ್ಕಳ ಓದಿಗಾಗಲಿ ಎಂದು ಕಂಪ್ಯೂಟರ್ ತಂದರು. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಮನೆಗೆ ಬಂದ ಮದುಮಗಳ ಹಾಗೆ. ಅದಕ್ಕೊಂದು ಪ್ರತ್ಯೇಕ ಕೋಣೆ, ಅಂಚಿಗೆ ಲೇಸ್ ಹೊಲಿದ ಮುಸುಕು. ಆ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. 128 ಎಂ.ಬಿ. ರ‍್ಯಾಮ್, 40 ಜಿ.ಬಿ. ಹಾರ್ಡ್‌ಡಿಸ್ಕ್ ಎಂದು ಅಂಗಡಿಯವರು ಬರೆದುಕೊಟ್ಟ ಬಿಲ್ಲನ್ನು ನಾನು ಆಗ ಓದಿದ್ದೆ, ಅರ್ಥವಾಗಿರಲಿಲ್ಲ. ಕರೆಂಟು ಹೋದರೂ ಸ್ವಲ್ಪ ಹೊತ್ತು ನಡೆಸುವ ಯು.ಪಿ.ಎಸ್. ಬೇಕಾ ಎಂದು ಕೇಳಿದ್ದರು. ಅದಕ್ಕೆ ಬೇರೆ ದುಡ್ಡು. ಬೇಡ ಎಂದೆವು.

ಮಕ್ಕಳಿಗಿಂತ ಹೆಚ್ಚು ಅದರ ಮುಂದೆ ಕುಳಿತವಳು ನಾನೇ. ಮಧ್ಯಾಹ್ನ ಕೆಲಸ ಮುಗಿಸಿ ಹೆಂಗಸರಿಗಾಗಿ ನಡೆಯುತ್ತಿದ್ದ ಒಂದು ಕಂಪ್ಯೂಟರ್ ತರಗತಿಗೂ ಹೋಗತೊಡಗಿದೆ. 'ಬರಹ' ತಂತ್ರಾಂಶದಲ್ಲಿ ಕನ್ನಡ ಅಕ್ಷರ ಒತ್ತುವುದು ಕೈಗೆ ಹತ್ತಿದ ಮೇಲೆ ನನಗೊಂದು ಆಸೆ ಹುಟ್ಟಿತು. ಉಮ್ಮನ ಕಥೆ ಬರೆಯಬೇಕು. ಬಾಪ ಬೇಗ ತೀರಿಹೋದ ಮೇಲೆ ಉಮ್ಮ ಬೀಡಿ ಕಟ್ಟಿ ನಮ್ಮ ಐದು ಜನರನ್ನು ಸಾಕಿದ್ದು, ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದು, ಮಳೆಗಾಲದಲ್ಲಿ ಬೀಡಿಯ ಎಲೆಗೆ ಬೂಷ್ಟು ಹಿಡಿದಾಗ ಬ್ರಾಂಚಿನವರು ಬೀಡಿ ಕಿತ್ತೆಸೆದದ್ದು ಎಲ್ಲವನ್ನೂ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜಡಿಮಳೆ. ಉಮ್ಮ ನಮ್ಮಲ್ಲಿಗೆ ಬಂದು ವಾರವಾಗಿತ್ತು. ಅವರು ಪಕ್ಕದಲ್ಲಿ ಕುಳಿತು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಮೂರು ಗಂಟೆ ಹೇಗೆ ಕಳೆಯಿತೋ. ಬ್ಯಾರಿಯಲ್ಲಿ ಕೇಳಿ ಕನ್ನಡದಲ್ಲಿ ಬರೆಯುವ ಆ ಕೆಲಸದಲ್ಲಿ ನನಗೆಂಥ ಹುಮ್ಮಸ್ಸು! ಒಮ್ಮೆ ಮಿಂಚಿತು. ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಸಂಜೆ ಕರೆಂಟು ಬಂದ ಮೇಲೆ ನೋಡಿದರೆ ಒಂದಕ್ಷರವೂ ಇಲ್ಲ.

ಮರುದಿನ ತರಗತಿಯಲ್ಲಿ ಟೀಚರ್‌ಗೆ ಹೇಳಿದೆ. "ಸೇವ್ ಮಾಡಿದ್ರಾ?" ಎಂದರು. ಕೊನೆಯಲ್ಲಿ ಮಾಡಬೇಕೆಂದಿದ್ದೆ. "ನೀವು ಬರೆದದ್ದು ಅಷ್ಟು ಹೊತ್ತೂ ರ‍್ಯಾಮ್‌ನಲ್ಲಿತ್ತು. ಕರೆಂಟು ಹೋದರೆ ರ‍್ಯಾಮ್ ಎಲ್ಲವನ್ನೂ ಮರೆಯುತ್ತದೆ. ಸೇವ್ ಮಾಡಿದರೆ ಮಾತ್ರ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ" ಎಂದು ಬೋರ್ಡಿನಲ್ಲಿ ಎರಡು ಚೌಕ ಬರೆದು ತೋರಿಸಿದರು. ನಾನು ತಲೆಯಾಡಿಸಿದೆ. ಕಂಪ್ಯೂಟರ್ ಎಂಬಷ್ಟು ದೊಡ್ಡ ಹೆಸರಿನ ಯಂತ್ರ ಮರೆಯುತ್ತದೆ ಎಂಬುದೇ ನನಗೆ ನುಂಗಲಾಗದ ಮಾತು.

ಮನೆಗೆ ಬಂದು ಉಮ್ಮನಿಗೆ ಹೇಳಿದರೆ ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಗೆರಸೆಯಲ್ಲಿದ್ದದ್ದು ಬೀಡಿಯಲ್ಲ ಮಗಳೇ. ಬ್ರಾಂಚಿನಲ್ಲಿ ಕೊಟ್ಟು ಪುಸ್ತಕದಲ್ಲಿ ಬರೆಸಿಕೊಂಡದ್ದು ಬೀಡಿ" ಎಂದರು.

ಬೀಡಿ ಕಟ್ಟುವುದನ್ನು ನೋಡದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಟ್ಟುವವಳ ತೊಡೆಯ ಮೇಲೆ ಗೆರಸೆ ಇರುತ್ತದೆ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಆಗಷ್ಟೇ ಸುತ್ತಿದ ಬೀಡಿಗಳು. ಎಲೆಯ ದೊಡ್ಡ ಕಟ್ಟು ಒಳಗೆಲ್ಲೋ ಒದ್ದೆ ಗೋಣಿಯಲ್ಲಿರುತ್ತದೆ. ಒಂದೊಂದು ಎಲೆಗೂ ಎದ್ದು ಒಳಗೆ ಹೋದರೆ ದಿನಕ್ಕೆ ಹತ್ತು ಬೀಡಿಯೂ ಆಗದು. ಬೇಕಾದಷ್ಟನ್ನು ಗೆರಸೆಗೆ ತಂದಿಟ್ಟುಕೊಂಡರೇ ಕೈ ಓಡುವುದು. ಗೆರಸೆ ದೊಡ್ಡದಿದ್ದರೆ ಕೆಲಸ ಬೇಗ. ಆದರೆ ಗೆರಸೆ ಎಂದರೆ ಉಗ್ರಾಣವಲ್ಲ. ನಾನು ಚಿಕ್ಕವಳಿದ್ದಾಗ ಓಡಿ ಬಂದು ಕಾಲು ತಾಗಿಸಿ ಉಮ್ಮನ ಗೆರಸೆ ಚೆಲ್ಲಿದ್ದೆ. ಅಂಗಳದ ಕೆಸರಿಗೆ ಬಿದ್ದ ಆ ಬೀಡಿಗಳಿಗೆ ಲೆಕ್ಕವಿಲ್ಲ, ಕೂಲಿಯೂ ಇಲ್ಲ. ಹಿಂದಿನ ದಿನ ಬ್ರಾಂಚಿಗೆ ಕೊಟ್ಟು ಪುಸ್ತಕದಲ್ಲಿ ಬರೆಸಿಕೊಂಡದ್ದಕ್ಕೆ ಮಾತ್ರ ಏನೂ ಆಗಲಿಲ್ಲ.

ಆ ಗೆರಸೆಯೇ ರ‍್ಯಾಮ್. ಪುಸ್ತಕ ಎಂದರೆ ಕಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕ್, ಮೊಬೈಲಿನಲ್ಲಿ ಅದರ ಒಳಗಿನ ಸ್ಟೋರೇಜ್ ಅಥವಾ ನಾವು ತುರುಕುವ ಕಾರ್ಡ್. ನಾದಿನಿಯ ಉಗ್ರಾಣ ತುಂಬಿತ್ತು. ಅವಳು ದೊಡ್ಡ ಗೆರಸೆ ಕೊಂಡು ತಂದಳು.

ರ‍್ಯಾಮ್ ಯಾಕೆ ಮರೆಯುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ನಂತರ, ಎಂಜಿನಿಯರಿಂಗ್ ಓದುತ್ತಿದ್ದ ಮಗಳಿಂದ. ನಾವು ಒತ್ತುವ ಅಕ್ಷರ, ತೆಗೆಯುವ ಫೋಟೊ, ಆಡುವ ಮಾತು ಎಲ್ಲವೂ ಯಂತ್ರದೊಳಗೆ 'ಇದೆ', 'ಇಲ್ಲ' ಎಂಬ ಎರಡೇ ಗುರುತುಗಳಾಗುತ್ತವೆ. ಒಂದು, ಸೊನ್ನೆ. ಅಂಥ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಈಗ ಇಂಟರ್ನೆಟ್ಟಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. 'ಉಮ್ಮ' ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಮಾತ್ರ ಉ, ಮ, ಅರ್ಧಾಕ್ಷರ ಮಾಡುವ ಗುರುತು, ಮತ್ತೊಂದು ಮ ಎಂದು ನಾಲ್ಕು. ಅಂದರೆ ಹನ್ನೆರಡು ಬೈಟ್, ತೊಂಬತ್ತಾರು ಬಿಟ್. ತೊಂಬತ್ತಾರು ಚಿಕ್ಕ ಚಿಕ್ಕ ಸೊನ್ನೆ-ಒಂದುಗಳ ಸಾಲಿನಲ್ಲಿ ನನ್ನ ಉಮ್ಮ!

ರ‍್ಯಾಮಿನೊಳಗೆ ಒಂದೊಂದು ಬಿಟ್‌ಗೂ ಒಂದು ಪುಟಾಣಿ ಪಾತ್ರೆ ಇದೆ. ಕೆಪಾಸಿಟರ್ ಎನ್ನುತ್ತಾರೆ. ಅದರಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಖಾಲಿಯಾಗಿದ್ದರೆ ಸೊನ್ನೆ. ತಮಾಷೆಯೆಂದರೆ ಆ ಪಾತ್ರೆ ತೂತು. ತುಂಬಿದ್ದು ನಿಲ್ಲುವುದಿಲ್ಲ, ಸೋರುತ್ತದೆ. ಹಾಗಾಗಿ ಯಂತ್ರ ಪ್ರತಿಯೊಂದು ಪಾತ್ರೆಯನ್ನೂ ಮತ್ತೆ ಮತ್ತೆ ನೋಡಿ, ತುಂಬಿದ್ದನ್ನು ಮತ್ತೆ ತುಂಬುತ್ತಲೇ ಇರಬೇಕು. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು. ತೊಟ್ಟಿಲು ತೂಗುವ ಕೈ ನಿಂತರೆ ಮಗು ಏಳುವ ಹಾಗೆ, ಕರೆಂಟು ನಿಂತರೆ ಈ ತುಂಬುವ ಕೆಲಸ ನಿಂತು ಎಲ್ಲ ಸೋರಿಹೋಗುತ್ತದೆ. ಆ ಜುಲೈಯಲ್ಲಿ ನನ್ನ ಮೂರು ಗಂಟೆಯ ಬರಹ ಸೋರಿಹೋಗಲು ಕೆಲವೇ ಸೆಕೆಂಡು ಸಾಕಾಗಿತ್ತು.

ಈ ತೂತು ಪಾತ್ರೆಯ ಉಪಾಯ ಹೊಳೆದದ್ದು ಅಮೆರಿಕದ ಐ.ಬಿ.ಎಂ. ಕಂಪನಿಯ ರಾಬರ್ಟ್ ಡೆನಾರ್ಡ್ ಎಂಬ ಎಂಜಿನಿಯರಿಗೆ, 1966ರಲ್ಲಿ. 1970ರಲ್ಲಿ ಇಂಟೆಲ್ ಕಂಪನಿ ಅಂಥ ಪಾತ್ರೆಗಳಿದ್ದ ಚಿಪ್ಪನ್ನು ಮಾರುಕಟ್ಟೆಗೆ ತಂದಾಗ ಒಂದು ಚಿಪ್ಪಿನಲ್ಲಿದ್ದದ್ದು 1,024 ಬಿಟ್. ನಮ್ಮ 'ಉಮ್ಮ' ಎಂಬ ಪದವನ್ನು ಹತ್ತು ಸಲ ಬರೆದರೆ ಅದು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ನಾದಿನಿಯ ಮೊಬೈಲಿನ ಎಂಟು ಜಿ.ಬಿ.ಯಲ್ಲಿ ಇರುವುದು ಅಂಥ ಆರು ಸಾವಿರದ ಎಂಟುನೂರು ಕೋಟಿಗೂ ಹೆಚ್ಚು ಪಾತ್ರೆಗಳು. ಅಷ್ಟನ್ನೂ ಅದು ಸೆಕೆಂಡಿಗೆ ಹದಿನೈದು ಸಲ ತುಂಬುತ್ತಿರುತ್ತದೆ, ಅವಳು ಅಡುಗೆಮನೆಯಲ್ಲಿ ಮೊಬೈಲ್ ಇಟ್ಟು ಮರೆತುಬಿಟ್ಟಿರುವಾಗಲೂ.

ಮರೆಯದ ಹಾರ್ಡ್‌ಡಿಸ್ಕ್ ಇರುವಾಗ ಮರೆಯುವ ರ‍್ಯಾಮ್ ಯಾಕೆ ಬೇಕು ಎಂದು ಕೇಳಿದ್ದೆ. ವೇಗಕ್ಕಾಗಿ. ನಮ್ಮ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನೊಳಗೆ ತಟ್ಟೆಯೊಂದು ಗಿರಗಿರನೆ ತಿರುಗುತ್ತಿತ್ತು. ಕಾಂತದ ಗುರುತುಗಳಾಗಿ ಅದರ ಮೇಲೆ ಬರೆದದ್ದನ್ನು ಒಂದು ಮುಳ್ಳು ಹುಡುಕಿ ಓದಬೇಕಿತ್ತು. ರ‍್ಯಾಮಿನಿಂದ ತೆಗೆಯುವುದಕ್ಕಿಂತ ಅದು ಸುಮಾರು ಒಂದು ಲಕ್ಷ ಪಟ್ಟು ನಿಧಾನ. ಒಲೆಯ ಪಕ್ಕದ ಡಬ್ಬಿಯಿಂದ ಉಪ್ಪು ತೆಗೆಯಲು ಒಂದು ಸೆಕೆಂಡು ಎಂದುಕೊಳ್ಳಿ. ಲಕ್ಷ ಸೆಕೆಂಡು ಎಂದರೆ ಒಂದು ದಿನ ಮೀರಿ ಇನ್ನೂ ಮೂರೂಮುಕ್ಕಾಲು ಗಂಟೆ. ಅಷ್ಟು ದೂರದ ಉಪ್ಪಿನಿಂದ ಸಾರು ಮಾಡಲಾಗುತ್ತದೆಯೇ?

ಇದೇ ಹೊತ್ತಿಗೆ ಮಗಳು ಇನ್ನೊಂದು ವಿಷಯವನ್ನೂ ಹೇಳಿದಳು. ಅದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಚಿಪ್ಪುಗಳು ಬರುವುದಕ್ಕೆ ಮೊದಲು ಕಂಪ್ಯೂಟರಿನ ಮೆಮೊರಿ ಎಂದರೆ ಸಾಸಿವೆ ಗಾತ್ರದ ಕಾಂತದ ಬಳೆಗಳು. ಒಂದೊಂದು ಬಳೆ ಒಂದೊಂದು ಬಿಟ್. ಅವುಗಳಲ್ಲಿ ಕೂದಲಿನಂಥ ತಂತಿ ಪೋಣಿಸಿ ಜಾಲ ಮಾಡುತ್ತಿದ್ದರು. ಪೋಣಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು. 1969ರಲ್ಲಿ ಮನುಷ್ಯರನ್ನು ಮೊದಲು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿನ ಕಾಯಂ ಮೆಮೊರಿ ಕೂಡ ಹೀಗೆ ನೇಯ್ದದ್ದೇ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಎಂಬ ಊರಿನಲ್ಲಿ ರೇಥಿಯಾನ್ ಕಂಪನಿಯ ಕಾರ್ಖಾನೆಯಲ್ಲಿ ಹೆಂಗಸರು ಕುಳಿತು ನೇಯ್ದರು. ತಂತಿ ಬಳೆಯೊಳಗಿಂದ ಹೋದರೆ ಒಂದು, ಬಳೆಯನ್ನು ಬಿಟ್ಟು ಪಕ್ಕದಿಂದ ಹೋದರೆ ಸೊನ್ನೆ. ಎಲ್ಲಿ ತೂರಿಸಬೇಕೆಂದು ಯಂತ್ರ ತೋರಿಸುತ್ತಿತ್ತು. ಸೂಜಿ ಹಿಡಿದ ಕೈ ಮಾತ್ರ ಹೆಂಗಸಿನದು. ಕರೆಂಟು ಹೋದರೂ ಆ ಮೆಮೊರಿ ಮರೆಯುವುದಿಲ್ಲ, ತಂತಿ ಬಿಚ್ಚಿದರೆ ಮಾತ್ರ ಅಳಿಯುವುದು. ಹೀಗೆ ನೇಯ್ದದ್ದು ಒಟ್ಟು ಸುಮಾರು 70 ಕೆ.ಬಿ. ಈಗ ನಮಗೆ ಬೆಳಗಾಗುತ್ತಲೇ ಬರುವ 'ಗುಡ್ ಮಾರ್ನಿಂಗ್' ಚಿತ್ರಗಳಲ್ಲಿ ಎಷ್ಟೋ ಚಿತ್ರಗಳು ಅದಕ್ಕಿಂತ ದೊಡ್ಡವು.

ಎಂಜಿನಿಯರುಗಳು ಅದನ್ನು 'ಅಜ್ಜಿಯರ ಮೆಮೊರಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರಂತೆ. ಆ ಹೆಸರಿನಲ್ಲಿ ಪ್ರೀತಿಯಿತ್ತೋ ತಾತ್ಸಾರವಿತ್ತೋ, ಎರಡೂ ಇದ್ದಿರಬೇಕು. ನೂಲು, ಎಲೆ, ಸೂಜಿ ಹಿಡಿದ ಕೈಗಳ ಕೆಲಸಕ್ಕೆ ಲೋಕ ಕೊಡುವ ಬೆಲೆ ಎಲ್ಲ ಕಡೆ ಒಂದೇ ರೀತಿ ಎಂದು ಕಾಣುತ್ತದೆ. ಉಮ್ಮನಿಗೆ ಇದನ್ನು ಹೇಳಬೇಕೆನಿಸಿತು. ಆಗ ಉಮ್ಮ ಇರಲಿಲ್ಲ.

ಎರಡನೆಯ ಸಲ ಕಳೆದುಕೊಂಡದ್ದಕ್ಕೆ ಈಗ ಬರುತ್ತೇನೆ. 2003ರ ಆ ಮಧ್ಯಾಹ್ನದ ನಂತರ ಉಮ್ಮನ ಕಥೆಯನ್ನು ಮತ್ತೆ ಬರೆಯಲು ಕುಳಿತೆ. ಆದರೆ ಉಮ್ಮ ಎರಡನೆಯ ಸಲ ಹೇಳುವಾಗ ಮೊದಲಿನ ರುಚಿ ಇರಲಿಲ್ಲ. "ಆವತ್ತು ಹೇಳಿದೆನಲ್ಲ" ಎಂದು ಮೊಟಕುಗೊಳಿಸುತ್ತಿದ್ದರು. ಹತ್ತು ಪುಟಕ್ಕೆ ನಿಂತುಹೋಯಿತು. 2012ರಲ್ಲಿ ನನ್ನ ಕೈಗೆ ಮಾತು ಹಿಡಿದಿಡುವ ಮೊಬೈಲ್ ಬಂತು. ಅದಕ್ಕೆ ಉಗುರಿನ ಗಾತ್ರದ, ನಾಲ್ಕು ಜಿ.ಬಿ.ಯ ಒಂದು ಕಾರ್ಡು. ಬರೆಯುವುದು ಬೇಡ, ಉಮ್ಮ ಮಾತಾಡಲಿ ಎಂದುಕೊಂಡೆ. ಎರಡು ವರ್ಷದಲ್ಲಿ ಹನ್ನೊಂದು ಸಲ ಹಿಡಿದೆ. ಒಂದರಲ್ಲಿ ಪತ್ತಿರಿಗೆ ಅಕ್ಕಿ ಎಷ್ಟು ಹೊತ್ತು ನೆನೆಯಬೇಕೆಂಬ ಮಾತು, ಒಂದರಲ್ಲಿ ನೆರೆ ಬಂದ ವರ್ಷದ ಕಥೆ, ಒಂದರಲ್ಲಿ ಉಮ್ಮನ ಮದುವೆ. ಮಾತು ಮುಗಿದಾಗಲೆಲ್ಲ ಉಮ್ಮ "ಬರೆಸಿಕೊಂಡೆಯಾ?" ಎಂದು ಕೇಳುತ್ತಿದ್ದರು. ಬ್ರಾಂಚಿನ ಅಭ್ಯಾಸ.

ಉಮ್ಮ 2014ರಲ್ಲಿ ತೀರಿಕೊಂಡರು. ಆ ಮಾತುಗಳನ್ನು ಕೇಳುವ ಧೈರ್ಯ ನನಗೆ ಒಂದು ವರ್ಷದವರೆಗೂ ಬರಲಿಲ್ಲ. ಬಂದಾಗ ಕಾರ್ಡಿನಲ್ಲಿ ಅವು ಇರಲಿಲ್ಲ. ರಜೆಯಲ್ಲಿ ಬಂದಿದ್ದ ತಂಗಿಯ ಮಗ, ಹತ್ತು ವರ್ಷದವನು, ಆಟದ ವೀಡಿಯೊ ಹಿಡಿಯಲು ಜಾಗ ಸಾಲದೆಂದು 'ಹಳೆಯದ್ದನ್ನೆಲ್ಲ' ಅಳಿಸಿದ್ದ. ಮಗುವಿಗೆ ಏನು ಗೊತ್ತು? ತಂಗಿ ಅವನಿಗೆ ಹೊಡೆಯಲು ಹೋದಳು, ನಾನು ತಡೆದೆ. ಆ ರಾತ್ರಿ ನಾವಿಬ್ಬರೂ ಉಮ್ಮ ಎರಡನೆಯ ಸಲ ಹೋದ ಹಾಗೆ ಅತ್ತೆವು.

ಅಣ್ಣ ಬಂದವನೇ ಕಾರ್ಡು ಸರಿಯಿದೆಯೋ ನೋಡೋಣ ಎಂದು ಒಂದೆರಡು ಫೋಟೊ ತೆಗೆಯಲು ಹೊರಟ. ನನ್ನ ಮಗಳು ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡಳು. "ಮಾಮಾ, ಏನೂ ತೆಗೆಯಬೇಡಿ. ಮೊದಲು ಕಾರ್ಡ್ ಹೊರಗೆ ತೆಗೀರಿ." ಮಾಮನ ಕೈಯಿಂದ ಕಿತ್ತುಕೊಂಡದ್ದಕ್ಕೆ ನಾನು ಗದರಿದೆ. ಅವಳು ಹಾಗೆ ಮಾಡದಿದ್ದರೆ ಇನ್ನೂ ಎಷ್ಟು ಹೋಗುತ್ತಿತ್ತೋ.

ಅಳಿಸುವುದು ಎಂದರೆ ಒರೆಸುವುದು ಎಂದುಕೊಂಡಿದ್ದೆ, ಸ್ಲೇಟಿನ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಹಾಗಲ್ಲವಂತೆ. ಶಾಲೆಯ ಹಾಜರಿ ಪುಸ್ತಕದಿಂದ ಒಂದು ಮಗುವಿನ ಹೆಸರು ಹೊಡೆದುಹಾಕಿದರೂ ಮಗು ಬೆಂಚಿನಲ್ಲೇ ಕುಳಿತಿದೆ ಎಂದುಕೊಳ್ಳಿ. ಹೆಸರು ಕೂಗುವವರಿಗೆ ಅದು ಇಲ್ಲ. ಆ ಜಾಗ ಖಾಲಿ ಎಂದೇ ಲೆಕ್ಕ. ಬೇರೊಂದು ಮಗುವನ್ನು ಆ ಜಾಗಕ್ಕೆ ತಂದು ಕೂರಿಸಿದಾಗ ಮಾತ್ರ ಮೊದಲಿನದು ನಿಜವಾಗಿ ಹೊರಬೀಳುತ್ತದೆ. ಕಾರ್ಡಿನಲ್ಲೂ ಹೀಗೇ. ಅಳಿಸಿದಾಗ ಹೋಗುವುದು ಪಟ್ಟಿಯಲ್ಲಿನ ಹೆಸರು. ಮಾತು ಅಲ್ಲೇ ಇರುತ್ತದೆ. ಹೊಸ ಫೋಟೊ, ಹೊಸ ವೀಡಿಯೊ ಅದೇ ಜಾಗಕ್ಕೆ ಬಂದು ಕುಳಿತರೆ ಮುಗಿಯಿತು.

ಮರುದಿನ ಮಗಳೊಂದಿಗೆ ಕಾರ್ಡನ್ನು ಕಾಗದದಲ್ಲಿ ಸುತ್ತಿ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಹುಡುಗ ಒಳ್ಳೆಯವನು. ಮೊದಲು ಇಡೀ ಕಾರ್ಡಿನ ನಕಲು ತೆಗೆದು, ಮೂಲ ಕಾರ್ಡನ್ನು ನಮಗೇ ವಾಪಸು ಕೊಟ್ಟು, ನಕಲಿನ ಮೇಲೆ ಹುಡುಕತೊಡಗಿದ. ಒಂದು ಗಂಟೆಯ ಮೇಲೆ ಪರದೆಯಲ್ಲಿ ಒಂದೊಂದಾಗಿ ಬರತೊಡಗಿದವು. ಒಂಬತ್ತು ಸಿಕ್ಕಿದವು. ಹೆಸರೆಲ್ಲ ಹೋಗಿ ಬರೀ ಅಂಕಿಗಳಿದ್ದವು. ಒಂದನ್ನು ಹಚ್ಚಿದ. ಉಮ್ಮ ಕೆಮ್ಮಿದರು. ಅಂಗಡಿಯಲ್ಲಿ ಜನರಿದ್ದರು, ನಾನು ಮುಖ ತಿರುಗಿಸಿ ನಿಂತೆ.

ಹತ್ತನೆಯದು ಅರ್ಧಕ್ಕೆ ಕಡಿದುಹೋಗಿತ್ತು. ಹನ್ನೊಂದನೆಯದು ಸಿಗಲಿಲ್ಲ. ಅಳಿಸಿದ ಮೇಲೆ ಹುಡುಗ ಹಿಡಿದ ಆಟದ ವೀಡಿಯೊ ಆ ಜಾಗಕ್ಕೆ ಬಂದು ಕುಳಿತಿತ್ತು. ಸಿಗದೆ ಹೋದದ್ದು ಉಮ್ಮನ ಮದುವೆಯ ಮಾತು. ಹದಿನಾಲ್ಕು ವರ್ಷದ ಹುಡುಗಿ ದೋಣಿಯಲ್ಲಿ ಹೊಳೆ ದಾಟಿ ಗಂಡನ ಮನೆಗೆ ಹೋದ ಕಥೆ. ನನಗೆ ಅದು ಪೂರ್ತಿ ನೆನಪಿದೆ ಎಂದುಕೊಂಡಿದ್ದೆ. ತಂಗಿಯನ್ನು ಕೇಳಿದರೆ ಅವಳಿಗೆ ನೆನಪಿರುವುದು ಬೇರೆ. ದೋಣಿಯಲ್ಲಿ ಅಜ್ಜಿಯೂ ಇದ್ದರು ಎನ್ನುತ್ತಾಳೆ ಅವಳು. ಇರಲಿಲ್ಲ ಎಂದು ನನ್ನ ವಾದ. ಯಾರನ್ನು ಕೇಳುವುದು?

ಅಂದು ಇನ್ನೊಂದು ಸಂಗತಿ ನಡೆಯಿತು. ಉಮ್ಮನ ಮಾತಿನ ಜೊತೆಗೆ ನಾವು ಕೇಳದ ಫೋಟೊಗಳೂ ಪರದೆಯ ಮೇಲೆ ಸಾಲುಸಾಲಾಗಿ ಬಂದವು. ನಾದಿನಿಯ ಮದರಂಗಿ ರಾತ್ರಿಯವು, ಮನೆಯೊಳಗೆ ತಲೆಗೆ ಬಟ್ಟೆಯಿಲ್ಲದೆ ನಗುತ್ತಾ ಕುಳಿತ ನಾವೆಲ್ಲ. ಎಂದೋ ಅಳಿಸಿದೆವು ಎಂದು ನಿಶ್ಚಿಂತೆಯಿಂದ ಇದ್ದವು! ಹುಡುಗ ತಟ್ಟನೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತಾನು ಎದ್ದು ನಿಂತ. "ಮೇಡಂ, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ. ಹಳೆ ಕಾರ್ಡ್ ಯಾರಿಗೂ ಕೊಡಬೇಡಿ" ಎಂದ. ಅವನ ಕಣ್ಣಿನ ಮರ್ಯಾದೆಗೆ ನಾನು ಈಗಲೂ ದುವಾ ಮಾಡುತ್ತೇನೆ. ಆದರೆ ಎಲ್ಲ ಅಂಗಡಿಯಲ್ಲೂ ಅಂಥ ಹುಡುಗ ಇರುತ್ತಾನೆಂದು ಹೇಳುವವರು ಯಾರು? ಅದಕ್ಕೆ ಮೊದಲು ನಾವು ಎಷ್ಟು ಮೊಬೈಲುಗಳನ್ನು ಕಾರ್ಡ್ ಸಮೇತ ರಿಪೇರಿಗೆ ಕೊಟ್ಟಿದ್ದೆವು, ಹಳೆಯದನ್ನು ಕೊಟ್ಟು ಹೊಸದು ತಂದಿದ್ದೆವು ಎಂದು ಲೆಕ್ಕ ಹಾಕಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗಿನ ಮೊಬೈಲುಗಳ ಒಳಗಿನ ಸ್ಟೋರೇಜ್ ಹಾಗಲ್ಲ. ಅದರಲ್ಲಿ ಬರೆಯುವುದೆಲ್ಲ ಗುಪ್ತಲಿಪಿಯಲ್ಲಿ. ಪೂರ್ತಿ ರೀಸೆಟ್ ಮಾಡಿದರೆ ಆ ಲಿಪಿಯ ಕೀಲಿಯೇ ನಾಶವಾಗುವುದರಿಂದ ಮತ್ತೆ ಓದಲಾಗದು. ಮಾನದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಅದರಿಂದ ಅಳಿಸಿದ್ದನ್ನು ನಮಗೆ ಸಿಕ್ಕಿದ ಹಾಗೆ ಮರಳಿ ಪಡೆಯುವ ಆಸೆಯನ್ನೂ ಬಿಡಬೇಕು. ತುರುಕುವ ಕಾರ್ಡು ಮಾತ್ರ ಸಾಮಾನ್ಯವಾಗಿ ಈಗಲೂ ತೆರೆದ ಬಾಗಿಲೇ. ಮಾರುವಾಗ, ರಿಪೇರಿಗೆ ಕೊಡುವಾಗ ಮೊದಲು ಅದನ್ನು ತೆಗೆದಿಟ್ಟುಕೊಳ್ಳಬೇಕು.

ಕಾರ್ಡು ಕರೆಂಟಿಲ್ಲದೆಯೂ ನೆನಪಿಟ್ಟುಕೊಳ್ಳುತ್ತದಲ್ಲ, ಅದರ ಗುಟ್ಟು ಕಂಡುಹಿಡಿದದ್ದು ಜಪಾನಿನ ತೊಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ. 1984ರಲ್ಲಿ ಮೊದಲು ಲೋಕದ ಮುಂದಿಟ್ಟರು. ಹೆಸರು ಫ್ಲ್ಯಾಶ್ ಮೆಮೊರಿ. ಅದರಲ್ಲಿಯೂ ಪಾತ್ರೆಗಳೇ. ಆದರೆ ಸುತ್ತಲೂ ವಿದ್ಯುತ್ತು ದಾಟದ ಗೋಡೆ. ಎಲೆಕ್ಟ್ರಾನುಗಳನ್ನು ಒತ್ತಿ ಒಳಗೆ ನೂಕಿ ಕೂಡಿಹಾಕುತ್ತಾರೆ. ಉಪ್ಪಿನಕಾಯಿ ಭರಣಿಯ ಬಾಯಿ ಬಟ್ಟೆ ಕಟ್ಟಿ ಬಿಗಿದ ಹಾಗೆ. ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಎಷ್ಟು ಬಿಗಿದರೂ ಭರಣಿ ಭರಣಿಯೇ. ಪ್ರತಿ ಸಲ ಬರೆದು ಅಳಿಸುವಾಗಲೂ ಆ ಗೋಡೆ ಸ್ವಲ್ಪ ಸವೆಯುತ್ತದೆ, ವರ್ಷಗಳು ಕಳೆದಂತೆ ಎಲೆಕ್ಟ್ರಾನುಗಳು ನಿಧಾನವಾಗಿ ಜಿನುಗುತ್ತವೆ. ಕಪಾಟಿನಲ್ಲಿ ಚಿನ್ನದ ಜೊತೆ ಇಟ್ಟ ಮಾತ್ರಕ್ಕೆ ಕಾರ್ಡು ಚಿನ್ನವಾಗುವುದಿಲ್ಲ.

ಆ ಒಂಬತ್ತೂವರೆ ಮಾತುಗಳನ್ನು ಅದೇ ವಾರ ಮೂರು ಕಡೆ ನಕಲು ಮಾಡಿದೆ. ನಮ್ಮ ಕಂಪ್ಯೂಟರಿನಲ್ಲಿ ಒಂದು, ತಂಗಿಯ ಮನೆಯಲ್ಲಿ ಪೆನ್‌ಡ್ರೈವಿನಲ್ಲಿ ಒಂದು, ಮಗಳ ಇ-ಮೇಲಿನಲ್ಲಿ ಒಂದು. ಇ-ಮೇಲಿನಲ್ಲಿಟ್ಟರೆ ಎಲ್ಲೋ ಮೋಡದಲ್ಲಿದೆ ಎಂದು ಈಗಿನವರು ಹೇಳುತ್ತಾರೆ. ಅದು ಮೋಡವಲ್ಲ, ಯಾವುದೋ ಊರಿನಲ್ಲಿರುವ ಬೇರೊಬ್ಬರ ಡಿಸ್ಕ್. ಪ್ರತಿ ವರ್ಷ ರಂಜಾನಿಗೆ ಮನೆ ತೊಳೆಯುವಾಗ ಮೂರನ್ನೂ ಒಮ್ಮೆ ತೆರೆದು, ಹಚ್ಚಿ ನೋಡಿ, ಹೊಸದಾಗಿ ನಕಲು ಮಾಡುತ್ತೇನೆ. 2019ರಲ್ಲಿ ತಂಗಿಯ ಪೆನ್‌ಡ್ರೈವ್ ಇದ್ದಕ್ಕಿದ್ದಂತೆ ಸತ್ತುಹೋಗಿತ್ತು. ಹೊಸದಕ್ಕೆ ಹಾಕಿ ಕೊಟ್ಟೆವು. ಮಾತುಗಳನ್ನು ಕೇಳಿ ಕೇಳಿ ಕಾಗದದ ಮೇಲೂ ಬರೆದಿದ್ದೇನೆ. ಕಾಗದಕ್ಕೆ ಗೆದ್ದಲಿನ ಭಯವಿದೆ, ಕರೆಂಟಿನ ಭಯವಿಲ್ಲ.

ನಾದಿನಿಯ ವಿಷಯ ಅರ್ಧಕ್ಕೆ ಬಿಟ್ಟೆ. ಫೋನಿಟ್ಟು ಅವಳ ಮನೆಗೇ ಹೋದೆ. ಇಬ್ಬರೂ ಚಾ ಇಟ್ಟುಕೊಂಡು ಹಳೆಯ ಮೊಬೈಲನ್ನು ತೆರೆದು ಕುಳಿತೆವು. ಗುಡ್ ಮಾರ್ನಿಂಗ್ ಚಿತ್ರಗಳು, ಯಾರದ್ದೋ ಅಡುಗೆಯ ವೀಡಿಯೊಗಳು, ಒಂದೇ ಮಗುವಿನ ಒಂದೇ ರೀತಿಯ ನಲವತ್ತು ಫೋಟೊಗಳು. ಅಸರ್ ಮುಗಿಸಿ ಕುಳಿತವರು ಮಗ್ರಿಬ್‌ವರೆಗೂ ಅಳಿಸಿದ್ದೇ ಅಳಿಸಿದ್ದು. ಬೇಕಾದ್ದನ್ನು ಮೊದಲೇ ಕಂಪ್ಯೂಟರಿಗೆ ಹಾಕಿಸಿದ್ದೆ. ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯಾಯಿತು. "ಹಾಗಾದರೆ ಹೊಸದು ಬೇಕಿರಲೇ ಇಲ್ವಲ್ಲ!" ಎಂದಳು. ಬೇಕಿರಲಿಲ್ಲ. ಪಿ.ಯು.ಸಿ. ಓದುತ್ತಿರುವ ಅವಳ ಮಗಳಿಗೆ ಲಾಟರಿ ಹೊಡೆದ ಹಾಗಾಯಿತು. ಹೊಸ ಮೊಬೈಲ್ ಅವಳ ಪಾಲಿಗೆ.

ಹೊರಡುವಾಗ ನಾದಿನಿ ಕೇಳಿದಳು, "ಮಾಮಿಯ ಆ ಪತ್ತಿರಿಯ ಮಾತು ನನ್ನ ಮೊಬೈಲಿಗೂ ಹಾಕಿಕೊಡುತ್ತೀರಾ ಅತ್ತಿಗೆ? ಎಷ್ಟು ಜಾಗ ಹಿಡಿಯುತ್ತದೆ?"

ಹನ್ನೆರಡು ನಿಮಿಷದ ಮಾತು. ಒಂದು ಎಂ.ಬಿ.ಗಿಂತ ಚೂರು ಹೆಚ್ಚು. ಆ ಬೆಳಿಗ್ಗೆ ಅವಳು ತೆಗೆದಿದ್ದ ಬಂಗುಡೆ ಸಾರಿನ ಒಂದು ಫೋಟೊ ಅದರ ಮೂರು ಪಾಲು ದೊಡ್ಡದಿತ್ತು.

"ಅಷ್ಟೇನಾ?" ಎಂದಳು. ಅಲ್ಲೇ ಹಾಕಿಕೊಟ್ಟೆ. ಅವಳು ಬಾಗಿಲಲ್ಲಿ ನಿಂತೇ ಕೇಳಿದಳು. ಕೊನೆಯಲ್ಲಿ ಉಮ್ಮ "ಬರೆಸಿಕೊಂಡೆಯಾ?" ಎಂದು ಕೇಳಿದಾಗ ತನಗೆ ಕೇಳಿದರೆಂಬಂತೆ "ಹೂಂ ಮಾಮಿ" ಎಂದಳು.